48 ಕಿಲೋಬೈಟ್‌ಗಳ ಮಾಯಾಲೋಕ

ಮನೆಬಳಕೆಯ ಕಂಪ್ಯೂಟರುಗಳ ಆರಂಭಕಾಲದ ಸಾಹಸ ಆಟಗಳಲ್ಲಿ, ಟೋಲ್ಕಿನ್ನರ ಕಾದಂಬರಿಯನ್ನು ಆಧರಿಸಿ 1982ರಲ್ಲಿ ಬಂದ ‘ದಿ ಹಾಬಿಟ್’ಗೆ ವಿಶಿಷ್ಟ ಸ್ಥಾನವಿದೆ. ಮೆಲ್ಬರ್ನ್‌ನ ಬೀಮ್ ಸಾಫ್ಟ್‌ವೇರ್ ಸಂಸ್ಥೆಗಾಗಿ ಇದನ್ನು ರೂಪಿಸಿದವರಲ್ಲಿ ಪ್ರಮುಖರು ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ವೆರೋನಿಕಾ ಮೆಗ್ಲರ್ ಮತ್ತು ಫಿಲಿಪ್ ಮಿಚೆಲ್. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ತುಂಬಿಸಿಕೊಳ್ಳಬೇಕಾಗಿದ್ದ ಈ ಆಟದಲ್ಲಿ ಆಟಗಾರನು ಇಂಗ್ಲಿಷ್ ವಾಕ್ಯಗಳನ್ನು ಟೈಪ್ ಮಾಡಿ ಆಜ್ಞೆ ನೀಡುತ್ತಿದ್ದನು. ಅವುಗಳನ್ನು ನಾಮಪದ, ಕ್ರಿಯಾಪದ, ಕ್ರಿಯಾವಿಶೇಷಣಗಳಾಗಿ ಬಿಡಿಸಿ ಅರ್ಥೈಸುವ ಭಾಗಕ್ಕೆ ಪಾರ್ಸರ್ ಎಂದು ಹೆಸರು. ಅದಕ್ಕಿಂತಲೂ ಬೆರಗಿನ ಸಂಗತಿಯೆಂದರೆ ಪಾತ್ರಗಳ ಸ್ವಾತಂತ್ರ್ಯ: ಆಟಗಾರನು ಯೋಚಿಸುತ್ತ ಸುಮ್ಮನೆ ಕುಳಿತಿದ್ದರೂ ಮಾಂತ್ರಿಕ ಗ್ಯಾಂಡಾಲ್ಫ್ ಬಂದುಹೋಗುತ್ತಿದ್ದನು, ಕುಬ್ಜ ಥೋರಿನ್ ಕುಳಿತು ಚಿನ್ನದ ಹಾಡು ಹಾಡುತ್ತಿದ್ದನು, ಕಣ್ಣಿಗೆ ಕಾಣದ ಕಡೆ ಪಾತ್ರಗಳು ಕಾದಾಡಿ ಸಾಯಲೂಬಹುದಾಗಿತ್ತು, ಆದುದರಿಂದ ಒಮ್ಮೆ ಆಡಿದಂತೆ ಇನ್ನೊಮ್ಮೆ ಆಟ ಸಾಗುತ್ತಿರಲಿಲ್ಲ. ಇಷ್ಟೆಲ್ಲವೂ, ಚಿತ್ರಗಳ ಸಮೇತ, ಸ್ಪೆಕ್ಟ್ರಮ್ ಎಂಬ ಮನೆಬಳಕೆಯ ಕಂಪ್ಯೂಟರಿನ 48 ಕಿಲೋಬೈಟ್ ಮೆಮೊರಿಯಲ್ಲಿ, ಎಂದರೆ ಇಂದಿನ ಒಂದು ಮೊಬೈಲ್ ಛಾಯಾಚಿತ್ರಕ್ಕೂ ಸಾಲದ ಜಾಗದಲ್ಲಿ, ಅಡಕವಾಗಿತ್ತು.