ಗುಳಿಗೆಗೆ ಮುಂಚಿನ ಪ್ರಶ್ನೆ

ಸಂಪೂರ್ಣ ನಿರಪಾಯಕರವಾದ ಔಷಧವೆಂಬುದು ಯಾವ ಅಂಗಡಿಯಲ್ಲಿಯೂ ದೊರೆಯದು. ಯಾರ ದೇಹವನ್ನು, ಯಾವ ವಯಸ್ಸಿನಲ್ಲಿ, ಬೇರೆ ಯಾವ ಗುಳಿಗೆಗಳ ಜೊತೆಯಲ್ಲಿ ಅದು ಸೇರುತ್ತದೆಂಬುದರ ಮೇಲೆಯೇ ಅದರ ಗುಣದೋಷಗಳು ನಿಶ್ಚಿತವಾಗುತ್ತವೆ. ಈ ವಿವೇಚನೆಯ ಭಾರ ಒಂದು ಕಾಲದಲ್ಲಿ ವೈದ್ಯರದೇ ಆಗಿದ್ದಿತು. 1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ಶುಶ್ರೂಷಕಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೂ ಕೂಡಿ, ರೋಗಪರೀಕ್ಷೆ ಮಾಡಬಲ್ಲ ದಾದಿಯರನ್ನು ತರಬೇತುಗೊಳಿಸಲು ತೊಡಗಿದ ಮೇಲೆ, ಆ ದೇಶದಲ್ಲಿ ಅದು ಕ್ರಮೇಣ ದಾದಿಯರ ಹೆಗಲಿಗೂ ಬಂದಿತು. ನಮ್ಮ ಗ್ರಾಮಗಳ ಆರೋಗ್ಯ ಉಪಕೇಂದ್ರಗಳಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಬಹುಮಂದಿ ನರ್ಸಿಂಗ್ ಓದಿದವರೇ. ಅವರ ಅಧಿಕಾರ ಅಷ್ಟು ವಿಶಾಲವಾದುದಲ್ಲ, ವೈದ್ಯಾಧಿಕಾರಿಯ ಮಾರ್ಗದರ್ಶನಕ್ಕೆ ಒಳಪಟ್ಟುದು. ಆದರೂ ಗುಳಿಗೆ ರೋಗಿಯ ಅಂಗೈಗೆ ಬೀಳುವ ಗಳಿಗೆಯಲ್ಲಿ ಎದುರಿಗಿರುವವರು ಅವರು.

ಮಂಡಿನೋವೆಂದು ಬಂದು ಬೆಂಚಿನ ಮೇಲೆ ಕುಳಿತ ವೃದ್ಧೆಯೊಬ್ಬರು, "ಒಂದು ನೋವಿನ ಗುಳಿಗೆ ಕೊಡವ್ವ, ಹೋಗ್ತೀನಿ" ಎಂದರೆಂದು ಭಾವಿಸೋಣ. ವಿವೇಕಿಯಾದ ಶುಶ್ರೂಷಕಿ ಕಪಾಟಿಗೆ ಕೈಹಾಕುವ ಮೊದಲು, "ಅಜ್ಜಿ, ದಿನಾ ಬೇರೆ ಯಾವ ಮಾತ್ರೆ ನುಂಗ್ತೀರಿ?" ಎಂದು ಕೇಳುತ್ತಾಳೆ. ಆಗ ಸೆರಗಿನ ಗಂಟಿನಿಂದ ಅರ್ಧ ಮುಗಿದ ಎರಡು ಸ್ಟ್ರಿಪ್ಪುಗಳು ಹೊರಬರುತ್ತವೆ: ರಕ್ತದೊತ್ತಡಕ್ಕೆ ಎನಲಾಪ್ರಿಲ್ ಒಂದು, ಮೂತ್ರದ ಮೂಲಕ ನೀರಿಳಿಸುವ ಮಾತ್ರೆ ಇನ್ನೊಂದು. ಇವುಗಳ ಮೇಲೆ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ಸೇರಿದರೆ ಮಂಡಿ ಹಗುರಾದೀತು, ಮೂತ್ರಪಿಂಡ ಬಳಲೀತು. ಏಕೆಂದರೆ, ನೋವು ಬಾವುಗಳಿಗೆ ಕಾರಣವಾಗುವ ಪ್ರೋಸ್ಟಗ್ಲಾಂಡಿನ್‌ಗಳೇ ಮೂತ್ರಪಿಂಡಕ್ಕೆ ರಕ್ತ ತರುವ ಸಣ್ಣ ನಾಳಗಳನ್ನು ತೆರೆದಿಡುತ್ತವೆ. ನೋವಿನ ಮಾತ್ರೆ ಅವನ್ನು ತಡೆದಾಗ ರಕ್ತ ಒಳಬರುವ ದಾರಿ ಕಿರಿದಾಗುತ್ತದೆ, ಹೊರಹೋಗುವ ದಾರಿಯನ್ನು ಎನಲಾಪ್ರಿಲ್ ಆಗಲೇ ಸಡಿಲಿಸಿರುತ್ತದೆ, ದೇಹದ ದ್ರವವೂ ತಗ್ಗಿರುತ್ತದೆ. ಹೀಗೆ ಒತ್ತಡವನ್ನು ಕಳೆದುಕೊಂಡ ಮೂತ್ರಪಿಂಡ ರಕ್ತವನ್ನು ಸೋಸಲು ಅಸಮರ್ಥವಾಗುವ ಸಂಭವವುಂಟು. ಆದಕಾರಣ ಇಂಥವರಿಗೆ ಹಚ್ಚುವ ಮುಲಾಮು, ಮಿತವಾದ ಪ್ಯಾರಾಸಿಟಮಾಲ್ ಇವೇ ಯೋಗ್ಯ. ಡೆಂಗಿಯ ಶಂಕೆಯಿರುವ ಜ್ವರದಲ್ಲಿಯೂ, ರಕ್ತಸ್ರಾವದ ಭಯವಿರುವುದರಿಂದ, ಆಸ್ಪಿರಿನ್ ಐಬುಪ್ರೊಫೆನ್‌ಗಳನ್ನು ವರ್ಜಿಸತಕ್ಕದ್ದು.

ಹಾಗೆಂದು ಪ್ಯಾರಾಸಿಟಮಾಲ್ ನಿರ್ದೋಷಿಯೆಂದು ತಿಳಿಯಬಾರದು; ಮಿತಿಮೀರಿದರೆ ಅದು ಯಕೃತ್ತನ್ನು ಕೆಡಿಸುತ್ತದೆ. ಮಗುವಿಗೆ ಅದನ್ನು ತೂಕ ನೋಡಿ ಕೊಡಬೇಕು, ಒಂದು ಕಿಲೋಗ್ರಾಮಿಗೆ ಒಮ್ಮೆಗೆ 10ರಿಂದ 15 ಮಿಲಿಗ್ರಾಮಿನಂತೆ. ಆದರೆ ಸಿರಪ್ಪು 5 ಮಿಲಿಲೀಟರಿಗೆ 125 ಮಿಲಿಗ್ರಾಮಿನದೂ ಉಂಟು, 250ರದೂ ಉಂಟು. ಹತ್ತು ಕಿಲೋ ತೂಗುವ ಕೂಸಿಗೆ ಮೊದಲನೆಯದರಲ್ಲಿ 6 ಮಿಲಿಲೀಟರು ಸರಿಯಾದ ಪ್ರಮಾಣವಾದರೆ, ಎರಡನೆಯದರಲ್ಲಿ ಅದೇ 6 ಮಿಲಿಲೀಟರು ಇಮ್ಮಡಿಯಾಗುತ್ತದೆ. ಬಾಟಲಿಯ ಬಣ್ಣ ನೋಡಿ ಅಡುಗೆಮನೆಯ ಚಮಚದಲ್ಲಿ ಅಳೆಯುವ ತಾಯಿಗೆ ಈ ಭೇದವನ್ನು ಎರಡು ನಿಮಿಷ ಕುಳಿತು ತಿಳಿಸುವುದು ಚಿಕಿತ್ಸೆಯ ಅಂಗವೇ ಎಂದು ನಾನು ನಂಬುತ್ತೇನೆ. ದೊಡ್ಡವರೂ ನೆಗಡಿಯ ಮಾತ್ರೆಯೊಂದನ್ನು, ಜ್ವರದ ಮಾತ್ರೆಯೊಂದನ್ನು ಒಟ್ಟಿಗೆ ನುಂಗುವಾಗ, ಅನೇಕವೇಳೆ ಎರಡರಲ್ಲಿಯೂ ಇದೇ ಪ್ಯಾರಾಸಿಟಮಾಲ್ ಇರುವುದನ್ನು ಗಮನಿಸುವುದಿಲ್ಲ.

ಓದುಗರಲ್ಲಿ ನನ್ನದೊಂದು ಕೋರಿಕೆ: ಔಷಧಕ್ಕಾಗಿ ಯಾರ ಬಳಿಗೆ ಹೋದರೂ, ಮನೆಯಲ್ಲಿ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧಿಯ ಪೊಟ್ಟಣವನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ; ಅವರು ಕೇಳುವುದನ್ನು ಮರೆತರೆ ನೀವೇ ಅದನ್ನು ಮೇಜಿನ ಮೇಲೆ ಸುರಿಯಿರಿ.