ಕ್ಯಾನ್ಸರ್ ಹರಡುವುದು ಸೂಜಿಯಿಂದಲ್ಲ

“ಗಡ್ಡೆಗೆ ಸೂಜಿ, ಕತ್ತಿ ತಾಗಿಸಿದರೆ ಮೈಯೆಲ್ಲ ಹರಡುತ್ತದೆ” ಎಂಬ ಮಾತು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಮನೆಗಳಲ್ಲಿ ಈಗಲೂ ಕೇಳಿಬರುತ್ತದೆ. ಈ ಭಯದಿಂದಲೇ ಎಷ್ಟೋ ಮಂದಿ ಬಯಾಪ್ಸಿ ಮುಂದೂಡುತ್ತಾರೆ. ಹಾಗಾದರೆ ಕ್ಯಾನ್ಸರ್ ಹರಡುವುದು ಹೇಗೆ?

ಬಾಯಿಯ ಒಳಪದರದ ಜೀವಕೋಶಗಳು ಗೋಡೆಯ ಇಟ್ಟಿಗೆಗಳಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನ್ ಅವುಗಳ ನಡುವಿನ ಗಾರೆ. ಕೋಶದೊಳಗೆ ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ನಿಯಂತ್ರಿಸುವ ಪ್ರೋಟೀನ್‌ಗಳೂ ಇವೆ. ಸ್ನೇಲ್, ಟ್ವಿಸ್ಟ್ ಅಂಥವು. ಗರ್ಭದಲ್ಲಿ ಶಿಶು ರೂಪುಗೊಳ್ಳುವಾಗ ಕೋಶಗಳು ತಂತಮ್ಮ ಜಾಗಕ್ಕೆ ಸಾಗಲು ಇವು ಬೇಕು. ಆಮೇಲೆ ಬಹುಮಟ್ಟಿಗೆ ಸುಮ್ಮನಾಗುತ್ತವೆ.

ಕ್ಯಾನ್ಸರ್ ಕೋಶದಲ್ಲಿ ಇವು ಮತ್ತೆ ಎಚ್ಚೆತ್ತರೆ ಗಾರೆ ತಯಾರಿಸುವ ಜೀನನ್ನೇ ಅದುಮಿಬಿಡುತ್ತವೆ. ಕೋಶ ಕಳಚಿಕೊಂಡು, ಆಕಾರ ಬದಲಿಸಿ, ತೆವಳುತ್ತಾ ರಕ್ತನಾಳ, ದುಗ್ಧನಾಳ ಸೇರುತ್ತದೆ. ಬಾಯಿಯ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಕುತ್ತಿಗೆಯ ಗ್ರಂಥಿಗಳಿಗೆ ಇಳಿಯುತ್ತದೆ. 2004ರಲ್ಲಿ ಅಮೆರಿಕದ ರಾಬರ್ಟ್ ವೈನ್‌ಬರ್ಗ್ ಅವರ ತಂಡ ಇಲಿಗಳ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಟ್ವಿಸ್ಟ್ ಅನ್ನು ತಗ್ಗಿಸಿದಾಗ, ಅದು ಶ್ವಾಸಕೋಶಕ್ಕೆ ಹರಡುವುದು ಬಹಳ ಕಡಿಮೆಯಾಯಿತು.

ಸೂಜಿಯಿಂದ ಹರಡುವುದು ತೀರಾ ಅಪರೂಪ. ತಡ ಮಾಡಿದಷ್ಟೂ ಕೋಶಗಳಿಗೆ ಕಳಚಿಕೊಳ್ಳಲು ಅವಕಾಶ ಸಿಗುತ್ತದೆ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ಕೂಡ, ಸರತಾನ್ ಚಿಕ್ಕದಿರುವಾಗಲೇ ಬುಡಸಮೇತ ಕತ್ತರಿಸಬೇಕೆಂದು ‘ಅಲ್ ಖಾನೂನ್’ ಗ್ರಂಥದಲ್ಲಿ ಬರೆದಿದ್ದರು.

ಈ ಲಕ್ಷಣಗಳನ್ನು ಕಡೆಗಣಿಸಬೇಡಿ:

• ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣು
• ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ
• ಬಾಯಿ ಪೂರ್ತಿ ತೆರೆಯಲಾಗದಿರುವುದು
• ಕುತ್ತಿಗೆಯಲ್ಲಿ ಗಂಟು

ಬೀಡಿ, ಗುಟ್ಕಾ, ಹೊಗೆಸೊಪ್ಪು ಬಿಡಿ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರಬಲ್ಲದು.

ರೇಷ್ಮೆ ಬಿಚ್ಚಣಿಕೆ, ಗೊಂಬೆ ಕೆಲಸದಲ್ಲಿ ದುಡಿಯುವವರು ದಿನಗೂಲಿ ಹೋಗುತ್ತದೆಂದು ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಾರೆ. ನೋವಿಲ್ಲವಲ್ಲ ಎಂದೂ ಸುಮ್ಮನಿರುತ್ತಾರೆ. ಆದರೆ ಆರಂಭದಲ್ಲಿ ಈ ಕಾಯಿಲೆ ನೋಯದೇ ಇರಬಹುದು. ಮನೆಯ ಹೆಣ್ಣುಮಕ್ಕಳೇ ಪಟ್ಟು ಹಿಡಿದು ಅವರನ್ನು ಕಳುಹಿಸಬೇಕು.

ಯುನಾನಿ ವೈದ್ಯನಾಗಿ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ: ಕೋಶಗಳ ಈ ಓಟವನ್ನು ನಿಲ್ಲಿಸುವ ಮಾಜೂನ್ ಆಗಲಿ, ಜೋಶಾಂದಾ ಆಗಲಿ ನಮ್ಮಲ್ಲಿಲ್ಲ. ಮೊದಲು ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ಬಾಯಿ ತೋರಿಸಿ. ಅವರು ಹೇಳಿದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ. 1973ರಲ್ಲಿ ಶುರುವಾದ ಈ ಸರ್ಕಾರಿ ಸಂಸ್ಥೆ ಕ್ಯಾನ್ಸರ್‌ಗೆಂದೇ ಇದೆ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ವಿಚಾರಿಸಿ. ಬಯಾಪ್ಸಿ ಬೇಕೆಂದರೆ ಹೆದರದೆ ಒಪ್ಪಿಕೊಳ್ಳಿ.