ಫೋನಿನೊಳಗೊಬ್ಬ ನೇಕಾರ

ಇಳಕಲ್ಲಿನಲ್ಲಿ ಸೀರೆ ಮಗ್ಗದಿಂದ ಇಳಿದು ಮಡಿಕೆಯಾಗುವ ಮೊದಲೇ ಅದರ ಸೆರಗಿನ ಫೋಟೊ ವಾಟ್ಸಾಪ್‌ನಲ್ಲಿ ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಹೋಗಿರುತ್ತದೆ. ಗಿರಾಕಿಗೆ ಬಣ್ಣ ಹಿಡಿಸಿದರೆ ಮುಂಗಡ ಯುಪಿಐನಲ್ಲಿ ಬರುತ್ತದೆ, ರೇಷ್ಮೆ ನೂಲಿನ ಬಾಕಿಯೂ ಅದರಲ್ಲೇ ತೀರುತ್ತದೆ. ಗಲ್ಲಾಪೆಟ್ಟಿಗೆ, ಉದ್ರಿ ಪುಸ್ತಕ, ಪಾಸ್‌ಬುಕ್, ಆಧಾರ್ ಕಾರ್ಡಿನ ಫೋಟೊ, ಮಗಳ ಮಾರ್ಕ್ಸ್ ಕಾರ್ಡು ಎಲ್ಲವೂ ಅಂಗಿಯ ಜೇಬಿಗೆ ಬಂದು ಕೂತಿವೆ.

ಬಾಗಲಕೋಟೆಯ ನವನಗರವಿರಲಿ, ಹುನಗುಂದದ ಬಸ್‌ಸ್ಟ್ಯಾಂಡ್ ಹತ್ತಿರವಿರಲಿ, ಮೊಬೈಲ್ ಅಂಗಡಿಯ ಕೌಂಟರಿನ ಮುಂದೆ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳು ಎರಡು: ‘ಕ್ಯಾಮೆರಾ ಎಷ್ಟ್ ಮೆಗಾಪಿಕ್ಸೆಲ್ ಐತ್ರಿ?’ ‘ಚಾರ್ಜ್ ಎಷ್ಟೊತ್ತ್ ನಿಲ್ತದ್ರಿ?’ ಇಪ್ಪತ್ತರಿಂದ ಐವತ್ತು ಸಾವಿರದ ನಡುವಿನ ಫೋನು ಕೊಳ್ಳುವವರು ದುಡ್ಡನ್ನು ಲೆಕ್ಕ ಹಾಕಿಯೇ ಖರ್ಚು ಮಾಡುತ್ತಾರೆ. ಆದರೆ ಗಲ್ಲಾಪೆಟ್ಟಿಗೆ ಕೊಳ್ಳುವಾಗ ಬೀಗ ಜಗ್ಗಿ ನೋಡುತ್ತಿದ್ದ ಅದೇ ಜನ ಫೋನಿನ ಬೀಗವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಆ ಬೀಗ ಕಣ್ಣಿಗೆ ಕಾಣುವಂಥದ್ದೂ ಅಲ್ಲ.

ಪೆಟ್ಟಿಗೆಯ ಮೇಲಿನ ಬರಹ ಹಾದಿ ತಪ್ಪಿಸುವುದೇ ಹೆಚ್ಚು. ‘ಮಿಲಿಟರಿ ಗ್ರೇಡ್’ ಎಂದು ಅಚ್ಚಾಗಿದ್ದರೆ ಮಾಹಿತಿಗೆ ಸೇನೆಯ ಕಾವಲಿದೆ ಎಂದು ಅನೇಕರು ತಿಳಿಯುತ್ತಾರೆ. ಸಾಮಾನ್ಯವಾಗಿ ಅದು ಸೂಚಿಸುವುದು ಎಂಐಎಲ್-ಎಸ್‌ಟಿಡಿ-810ಎಚ್ ಎಂಬ ಅಮೆರಿಕದ ಪರೀಕ್ಷಾ ಕ್ರಮವನ್ನು. ಫೋನು ಕೆಳಗೆ ಬಿದ್ದರೆ, ಬಿಸಿಲಿಗೆ ಕಾದರೆ, ದೂಳು ಹೊಕ್ಕರೆ ತಡೆಯುತ್ತದೆಯೇ ಎಂಬುದಷ್ಟೇ ಆ ಪರೀಕ್ಷೆಯ ವಿಷಯ. ಇಂಥ ದೊಡ್ಡ ಮಾತು ಹೊಸದಲ್ಲ. ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. 543ರ ಶಾಸನವೊಂದಿದೆ. ಚಾಲುಕ್ಯ ವಲ್ಲಭೇಶ್ವರ, ಅಂದರೆ ಒಂದನೇ ಪುಲಕೇಶಿ, ವಾತಾಪಿಯ (ಇಂದಿನ ಬಾದಾಮಿಯ) ಗುಡ್ಡವನ್ನು ಮೇಲಿನಿಂದಲೂ ಕೆಳಗಿನಿಂದಲೂ ಯಾರೂ ಏರಲಾಗದ ಕೋಟೆ ಮಾಡಿದನೆಂದು ಅದು ಸಾರುತ್ತದೆ. ನೂರು ವರ್ಷ ತುಂಬುವ ಹೊತ್ತಿಗೆ, 642ರ ಸುಮಾರಿಗೆ, ಪಲ್ಲವ ನರಸಿಂಹವರ್ಮ ಅದೇ ಊರನ್ನು ಗೆದ್ದ. ಕಲ್ಲಿನಲ್ಲಿ ಕೊರೆದ ಮಾತಿಗೇ ಆ ಗತಿಯಾದರೆ ರಟ್ಟಿನ ಪೆಟ್ಟಿಗೆಯ ಮಾತನ್ನು ಪರೀಕ್ಷಿಸದೆ ನಂಬುವುದು ಹೇಗೆ?

ಪರೀಕ್ಷೆಯನ್ನು ಜಾತ್ರೆಯಿಂದಲೇ ಶುರು ಮಾಡಬಹುದು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯ ನೂಕುನುಗ್ಗಲಿನಲ್ಲಿ ಫೋನು ಜೇಬಿನಿಂದ ಹೋಯಿತು ಎನ್ನೋಣ. ಕದ್ದವನ ಕೈಯಲ್ಲಿ ಈಗ ಲಾಕ್ ಆದ ಫೋನಿದೆ, ಅದಕ್ಕೆ ನಾಲ್ಕು ಅಂಕಿಯ ಪಿನ್. ನಾಲ್ಕು ಅಂಕಿಯಲ್ಲಿ ಆಗುವ ಪಿನ್‌ಗಳು ಒಟ್ಟು 10,000. ಒಂದೊಂದನ್ನೂ ಯಂತ್ರದಿಂದ ಸೆಕೆಂಡಿಗೆ ಹತ್ತರಂತೆ ಹಾಕಿ ನೋಡಿದರೆ ಹದಿನೇಳು ನಿಮಿಷದೊಳಗೆ ಎಲ್ಲವೂ ಮುಗಿದುಹೋಗುತ್ತವೆ. ಹಾಗಾಗದಂತೆ ತಡೆಯುವುದು ಯಾವುದು?

ಒಳ್ಳೆಯ ಫೋನುಗಳಲ್ಲಿ ಮುಖ್ಯ ಪ್ರೊಸೆಸರಿನಿಂದ ಬೇರೆಯಾಗಿ ಒಂದು ಪುಟ್ಟ ಭದ್ರತಾ ಚಿಪ್ ಇರುತ್ತದೆ. ಗೂಗಲ್ ತನ್ನ ಪಿಕ್ಸೆಲ್ ಫೋನುಗಳಲ್ಲಿ ಅದನ್ನು ಟೈಟನ್ ಎಂ2 ಎಂದು ಕರೆಯುತ್ತದೆ. ಸ್ಯಾಮ್‌ಸಂಗ್‌ನ ನಾಕ್ಸ್ ವಾಲ್ಟ್ ಮೊದಲು ದುಬಾರಿ ಫೋನುಗಳಲ್ಲಷ್ಟೇ ಇತ್ತು. 2024ರ ಮಾರ್ಚ್‌ನಲ್ಲಿ ಗ್ಯಾಲಕ್ಸಿ ಎ55 ಮತ್ತು ಎ35ರ ಮೂಲಕ ಮಧ್ಯಮ ದರ್ಜೆಗೂ ಇಳಿಯಿತು. ಈ ಚಿಪ್‌ನೊಂದಿಗೆ ವ್ಯವಹರಿಸಲು ಆಂಡ್ರಾಯ್ಡ್‌ನಲ್ಲಿ ಒಂದು ಏರ್ಪಾಡಿದೆ. ಅದನ್ನು ಬರೆದ ಎಂಜಿನಿಯರುಗಳು ಅದಕ್ಕಿಟ್ಟ ಹೆಸರು ವೀವರ್. ಅಂದರೆ ನೇಕಾರ! ಇಳಕಲ್ಲಿನ ಓದುಗರಿಗೆ ಇದಕ್ಕಿಂತ ಹತ್ತಿರದ ಹೆಸರು ಸಿಗಲಾರದು.

ಈ ನೇಕಾರನ ಕೆಲಸ ಸರಳ, ಆದರೆ ಬಲು ಗಟ್ಟಿ. ಅವನ ಬಳಿ ಸಣ್ಣ ಸಣ್ಣ ಗೂಡುಗಳಿವೆ. ಒಂದೊಂದರಲ್ಲೂ ಒಂದು ರಹಸ್ಯ ಸಂಖ್ಯೆ. ಪಿನ್ ಒತ್ತಿದಾಗ ಫೋನು ಅದರಿಂದ ಒಂದು ಗುರುತು ತಯಾರಿಸಿ ಚಿಪ್‌ಗೆ ಕೊಡುತ್ತದೆ. ಗುರುತು ಸರಿಹೊಂದಿದರೆ ಮಾತ್ರ ಗೂಡಿನ ರಹಸ್ಯ ಹೊರಗೆ ಬರುತ್ತದೆ. ಆ ರಹಸ್ಯ ಮತ್ತು ಪಿನ್ ಎರಡೂ ಕೂಡಿದಾಗಲೇ ಫೋಟೊ, ಸಂದೇಶ, ಬ್ಯಾಂಕ್ ಆ್ಯಪ್‌ಗಳ ಗೂಢಲಿಪಿ ಬಿಚ್ಚುವ ಕೀಲಿ ಸಿದ್ಧವಾಗುತ್ತದೆ. ಹಾಸು ಮತ್ತು ಹೊಕ್ಕು ಕೂಡಿದರೆ ಬಟ್ಟೆ. ಒಂದೇ ಇದ್ದರೆ ಬರೀ ನೂಲು. ಕಳ್ಳ ಫೋನು ಒಡೆದು ಮೆಮೊರಿ ಚಿಪ್ ಕಿತ್ತು ಬೇರೆ ಯಂತ್ರಕ್ಕೆ ಹಾಕಿದರೂ ಅವನಿಗೆ ಸಿಗುವುದು ಆ ಬರೀ ನೂಲೇ.

ತಪ್ಪು ಗುರುತು ಬಂದಷ್ಟೂ ಚಿಪ್ ಹೆಚ್ಚು ಹೆಚ್ಚು ಕಾಯಿಸುತ್ತದೆ. ಆಂಡ್ರಾಯ್ಡ್‌ನ ಮೂಲ ಕೋಡ್‌ನಲ್ಲಿ ಬಹುಕಾಲದಿಂದ ಇರುವ ಲೆಕ್ಕದ ಪ್ರಕಾರ ಮೊದಲ ಕೆಲವು ತಪ್ಪುಗಳಾದ ಮೇಲೆ ಮೂವತ್ತು ಸೆಕೆಂಡಿನ ತಡೆ. ಆಮೇಲೆ ಅದು ಇಮ್ಮಡಿಯಾಗುತ್ತ ಹೋಗಿ, 140 ತಪ್ಪಾದ ಮೇಲೆ ದಿನಕ್ಕೆ ಒಂದೇ ಪ್ರಯತ್ನ. ಹದಿನೇಳು ನಿಮಿಷದ ಕೆಲಸ ಇಪ್ಪತ್ತೇಳು ವರ್ಷಕ್ಕೆ ಹಿಗ್ಗುತ್ತದೆ. ಆದರೆ ಪಿನ್ ಹುಟ್ಟಿದ ಇಸವಿಯಾಗಿದ್ದರೆ ಈ ಕಾವಲೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಬದುಕಿರುವವರ ಹುಟ್ಟಿದ ಇಸವಿಗಳು ನೂರರ ಆಸುಪಾಸು. ಆರು ಅಂಕಿಯ ಪಿನ್‌ಗೆ ಹತ್ತು ಲಕ್ಷ ಸಾಧ್ಯತೆಗಳಿವೆ. ಮಾಡಬೇಕಾದ್ದು ಎರಡು ಅಂಕಿ ಹೆಚ್ಚು ನೆನಪಿಡುವುದಷ್ಟೇ.

ಬೆರಳಚ್ಚಿನ ಮಾತು ಬೇರೆ. ಕೈಕೆಲಸದವರ ಬೆರಳಿನ ಗೆರೆ ಸವೆದಿರುತ್ತವೆ, ಫೋನು ಪದೇ ಪದೇ ಒಲ್ಲೆ ಎನ್ನುತ್ತದೆ. ಅದಕ್ಕಿಂತ ಅಪಾಯದ್ದು, ಒಲ್ಲೆ ಎನ್ನಬೇಕಾದಾಗ ಹೂಂ ಎನ್ನುವುದು. 2019ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಮಹಿಳೆಯೊಬ್ಬರು ತಮ್ಮ ಗ್ಯಾಲಕ್ಸಿ ಎಸ್10ಗೆ ಅಗ್ಗದ ಹಾಳೆಯೊಂದನ್ನು ಅಂಟಿಸಿದರು. ಅನಂತರ ಗಂಡನ ಬೆರಳಿಗೂ ಫೋನು ತೆರೆದುಕೊಂಡಿತು. ಪರದೆಯ ಒಳಗಿನ ಸೆನ್ಸರ್ ಹಾಳೆಯ ಮೇಲಿನ ವಿನ್ಯಾಸವನ್ನೇ ಬೆರಳಚ್ಚೆಂದು ಓದಿತ್ತು. ಸ್ಯಾಮ್‌ಸಂಗ್ ತಪ್ಪೊಪ್ಪಿ ತಿದ್ದಿತು. ಹೊಸ ಫೋನಿಗೆ ಅಂಗಡಿಯಲ್ಲೇ ಗಾಜು ಅಂಟಿಸಿಕೊಳ್ಳುವವರು ಅಲ್ಲೇ ನಿಂತು ಅಂಗಡಿಯವರ ಬೆರಳು ಇಡಿಸಿ ನೋಡುವುದು ಒಳ್ಳೆಯದು. ಇನ್ನು ಸೆಲ್ಫಿ ಕ್ಯಾಮೆರಾವೊಂದನ್ನೇ ನಂಬಿದ ಮುಖಗುರುತನ್ನು ದುಡ್ಡಿನ ವ್ಯವಹಾರವಿರುವ ಫೋನಿನಲ್ಲಿ ಬಳಸದಿರುವುದೇ ಲೇಸು.

ಎರಡನೆಯ ಪರೀಕ್ಷೆ ಫೋನು ಆನ್ ಆಗುವ ಹೊತ್ತಿನದು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹತ್ತಿಯ ಒಡಲಿಗೆ ರೇಷ್ಮೆಯ ಟೋಪ್ ತೆನೆ ಸೆರಗನ್ನು ಕೂಡಿಸುವಾಗ ಒಂದು ಎಳೆಯ ಕುಣಿಕೆಗೆ ಇನ್ನೊಂದು ಎಳೆಯ ಕುಣಿಕೆ ಸಿಕ್ಕಿಸುತ್ತ ಹೋಗುತ್ತಾರೆ. ಇದಕ್ಕೇ ಕೊಂಡಿ ಎನ್ನುವುದು. ಸಾವಿರಾರು ಎಳೆಗಳಲ್ಲಿ ಕೆಲವು ತಪ್ಪಿದರೂ ಸೀರೆಯಲ್ಲಿ ಆ ಜಾಗ ಎದ್ದು ಕಾಣುತ್ತದೆ. ಫೋನೂ ಇಂಥ ಕೊಂಡಿಗಳ ಮೇಲೆಯೇ ಎಚ್ಚರಗೊಳ್ಳುತ್ತದೆ. ಕಾರ್ಖಾನೆಯಲ್ಲೇ ಸುಟ್ಟು ಬರೆದ, ಅಳಿಸಲಾಗದ ಒಂದು ತುಣುಕು ಮೊದಲು ಏಳುತ್ತದೆ. ಅದು ಫೋನನ್ನು ಎಬ್ಬಿಸುವ ಬೂಟ್‌ಲೋಡರ್ ಎಂಬ ತಂತ್ರಾಂಶದ ಸಹಿ ಪರೀಕ್ಷಿಸಿ ಸರಿಯಿದ್ದರಷ್ಟೇ ಎಬ್ಬಿಸುತ್ತದೆ. ಬೂಟ್‌ಲೋಡರ್ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಸಹಿ ನೋಡುತ್ತದೆ. ಕರ್ನಲ್ ಉಳಿದ ವ್ಯವಸ್ಥೆಯನ್ನು ನಾಲ್ಕು ಕಿಲೋಬೈಟಿನ ತುಂಡುಗಳಾಗಿ, ಓದುವಾಗಲೇ ತಾಳೆ ನೋಡುತ್ತ ಹೋಗುತ್ತದೆ. ನಡುವೆ ಯಾರಾದರೂ ಒಂದು ತುಂಡನ್ನು ಬದಲಿಸಿದ್ದರೆ ಅಲ್ಲೇ ಕೊಂಡಿ ಕಳಚುತ್ತದೆ.

ಸೆಕೆಂಡ್ ಹ್ಯಾಂಡ್ ಫೋನು ಕೊಳ್ಳುವವರಿಗೆ ಈ ವಿಜ್ಞಾನ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಫೋನನ್ನು ಆಫ್ ಮಾಡಿಸಿ ಮತ್ತೆ ಆನ್ ಮಾಡಿಸಬೇಕು. ಕಂಪನಿಯ ಹೆಸರು ಬರುವ ಮೊದಲು ಕಿತ್ತಳೆ ಬಣ್ಣದ ಎಚ್ಚರಿಕೆಯೊಂದು ಕಂಡರೆ ಬೂಟ್‌ಲೋಡರ್‌ನ ಬೀಗ ಬಿಚ್ಚಿದೆ ಎಂದರ್ಥ. ಒಳಗಿರುವ ಸಾಫ್ಟ್‌ವೇರ್ ಯಾರದ್ದೆಂದು ಹೇಳಲಾಗದು. ಬೆಲೆ ಎಷ್ಟೇ ಕಡಿಮೆ ಇದ್ದರೂ ಅದನ್ನು ಬಿಟ್ಟು ಬರುವುದೇ ಸರಿ.

ಮೂರನೆಯದು ದುರಸ್ತಿಯ ಪ್ರಶ್ನೆ. ಭದ್ರತೆಯ ದೃಷ್ಟಿಯಿಂದ ಇದೇ ಎಲ್ಲಕ್ಕಿಂತ ದೊಡ್ಡದು. 2015ರ ಜುಲೈನಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಬಯಲಾಯಿತು. ಒಂದು ಎಂಎಂಎಸ್ ಸಂದೇಶ ಬಂದರೆ ಸಾಕು, ಮಾಲೀಕ ಅದನ್ನು ತೆರೆಯುವ ಮೊದಲೇ ಫೋನು ಪರರ ಪಾಲಾಗಬಹುದಿತ್ತು. ಆಗ ಸುಮಾರು 95 ಕೋಟಿ ಫೋನುಗಳಿಗೆ ಆ ಅಪಾಯವಿತ್ತು. ಮರು ತಿಂಗಳಿಂದಲೇ ಗೂಗಲ್ ಪ್ರತಿ ತಿಂಗಳೂ ಭದ್ರತಾ ತಿದ್ದುಪಡಿ ಹೊರಡಿಸತೊಡಗಿತು. 2023ರ ಮಾರ್ಚ್‌ನಲ್ಲಿ ಗೂಗಲ್‌ನದೇ ಪ್ರಾಜೆಕ್ಟ್ ಝೀರೊ ತಂಡ ಸ್ಯಾಮ್‌ಸಂಗ್‌ನ ಎಕ್ಸಿನೋಸ್ ಮೋಡೆಮ್‌ಗಳಲ್ಲಿ 18 ದೋಷಗಳನ್ನು ಪ್ರಕಟಿಸಿತು. ಅವುಗಳಲ್ಲಿ ನಾಲ್ಕಕ್ಕೆ ದಾಳಿಕೋರನಿಗೆ ಬೇಕಿದ್ದುದು ಬರೀ ಫೋನ್ ನಂಬರು. ಪಟ್ಟಿಯಲ್ಲಿ ಗ್ಯಾಲಕ್ಸಿ ಎ53, ಎ33, ಎಂ33ಯಂಥ ಮಧ್ಯಮ ದರ್ಜೆಯ ಫೋನುಗಳೂ ಇದ್ದವು. ಸೀರೆ ವ್ಯಾಪಾರಿಯ ನಂಬರು ಅಂಗಡಿಯ ಬೋರ್ಡಿನ ಮೇಲೆ, ಚೀಲದ ಮೇಲೆ, ಫೇಸ್‌ಬುಕ್ ಪುಟದಲ್ಲಿ ಇರುತ್ತದೆ. ಅಂಥವರಿಗೆ ತಿದ್ದುಪಡಿ ತಡವಾಗದೆ ಬರುವುದೇ ಮುಖ್ಯ ರಕ್ಷಣೆ.

ಆದ್ದರಿಂದ ಕೌಂಟರಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ‘ಇದಕ್ಕ ಸೆಕ್ಯುರಿಟಿ ಅಪ್‌ಡೇಟ್ ಎಷ್ಟ್ ವರ್ಷ ಬರ್ತಾವ್ರಿ?’ ಉತ್ತರಗಳು ಈಚೆಗೆ ಬಹಳ ಸುಧಾರಿಸಿವೆ. 2025ರಲ್ಲಿ 49,999 ರೂಪಾಯಿಗೆ ಬಂದ ಪಿಕ್ಸೆಲ್ 9ಎಗೆ ಏಳು ವರ್ಷ. ಅದೇ ವರ್ಷದ ಗ್ಯಾಲಕ್ಸಿ ಎ56ಗೆ ಆರು. ಆ ವರ್ಷವೇ ಸುಮಾರು 25 ಸಾವಿರಕ್ಕೆ ಬಂದ ನಥಿಂಗ್ ಫೋನ್ 3ಎಗೆ ಹೊಸ ಆಂಡ್ರಾಯ್ಡ್ ಮೂರು ವರ್ಷವಾದರೂ ಭದ್ರತಾ ತಿದ್ದುಪಡಿ ಆರು ವರ್ಷ. 2024ರ ಅಕ್ಟೋಬರ್‌ನಲ್ಲಿ 20 ಸಾವಿರದ ಒಳಗೇ ಬಂದ ಗ್ಯಾಲಕ್ಸಿ ಎ16 5ಜಿಗೂ ಆರು ವರ್ಷದ ಮಾತು ಕೊಟ್ಟಿದ್ದಾರೆ. ಯುರೋಪಿನಲ್ಲಿ 2025ರ ಜೂನ್ 20ರಿಂದ, ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕೆಂಬ ಕಾನೂನು ಬಂದಿದೆ. ಇಲ್ಲಿ ಗಿರಾಕಿಯೇ ಬಾಯಿಬಿಟ್ಟು ಕೇಳಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ವರ್ಷದ ಎಣಿಕೆ ಶುರುವಾಗುವುದು ಫೋನು ಮಾರುಕಟ್ಟೆಗೆ ಬಂದ ದಿನದಿಂದ, ಬಿಲ್ ಹರಿದ ದಿನದಿಂದಲ್ಲ. ಎರಡು ವರ್ಷ ಹಳೆಯ ಮಾದರಿ ಹಬ್ಬದ ರಿಯಾಯಿತಿಯಲ್ಲಿ ಸಿಕ್ಕರೆ ಆ ಎರಡು ವರ್ಷ ಕಳೆದೇ ಲೆಕ್ಕ ಹಾಕಬೇಕು.

ಇಷ್ಟಾದರೂ ಫೋನಿಗೆ ತನ್ನ ಮಿತಿಯಿದೆ. ಬೀಗ ಎಷ್ಟು ಗಟ್ಟಿಯಿದ್ದರೂ ಒಳಗಿನವರೇ ಬಾಗಿಲು ತೆರೆದರೆ ಅದೇನು ಮಾಡೀತು? ಬೆಂಗಳೂರಿನ ಅರವತ್ತು ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರಿಗೆ ಕ್ರೆಡಿಟ್ ಕಾರ್ಡ್ ನೆಪದಲ್ಲಿ ಹೊಸ ಫೋನೊಂದು ಪುಕ್ಕಟೆಯಾಗಿ ಬಂತು. ಸಿಮ್ ಹಾಕಿದರು. ಅದರೊಳಗೆ ಮೊದಲೇ ಕೂರಿಸಿದ್ದ ಆ್ಯಪ್‌ಗಳು ಬ್ಯಾಂಕಿನ ಸಂದೇಶಗಳನ್ನು ಮರೆಮಾಡಿದವು, ಖಾತೆಯಿಂದ 2.8 ಕೋಟಿ ರೂಪಾಯಿ ಹೋಯಿತು. ಪ್ರಕರಣ 2025ರ ಜನವರಿಯಲ್ಲಿ ಸುದ್ದಿಯಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಟ ಉಪೇಂದ್ರ ಮತ್ತು ಪ್ರಿಯಾಂಕಾ ದಂಪತಿಗೆ ಆದದ್ದು ಇನ್ನೊಂದು ಬಗೆ. ಪಾರ್ಸೆಲ್ ತಲುಪಿಸುವವನೆಂದು ಕರೆ ಮಾಡಿದವನು ನಕ್ಷತ್ರ, ಹ್ಯಾಶ್ ಸೇರಿದ ಒಂದು ಸಂಖ್ಯೆ ಒತ್ತಿಸಿದ. ಕರೆಗಳು ಬೇರೆಡೆ ತಿರುಗಿ ವಾಟ್ಸಾಪ್ ಪರರ ಕೈ ಸೇರಿತು, ಪರಿಚಿತರಿಗೆ ಹಣ ಕೇಳುವ ಸಂದೇಶಗಳು ಹೋದವು. ಇಲ್ಲಿ ಯಾವ ಚಿಪ್ಪೂ ಸೋಲಲಿಲ್ಲ, ಕರೆ ತಿರುಗಿದ್ದು ಟೆಲಿಕಾಂ ಜಾಲದಲ್ಲಿ.

ಲಗ್ನಪತ್ರಿಕೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಎಪಿಕೆ (ಆ್ಯಪ್ ಸ್ಥಾಪಿಸುವ) ಕಡತಗಳ ವಿಷಯದಲ್ಲಿ ಮಾತ್ರ ಫೋನು ಕೊಂಚ ನೆರವಾಗುತ್ತದೆ. ಅವು ಮುಖ್ಯವಾಗಿ ಕೇಳುವ ಅನುಮತಿ ಎರಡು: ಎಸ್‌ಎಂಎಸ್ ಓದುವುದು, ‘ಆ್ಯಕ್ಸೆಸಿಬಿಲಿಟಿ’ ಮೂಲಕ ಪರದೆ ನೋಡಿ ಒತ್ತುವುದು. ಮೊದಲನೆಯದರಿಂದ ಒಟಿಪಿ, ಎರಡನೆಯದರಿಂದ ಇಡೀ ಫೋನು. ಹೊರಗಿನಿಂದ ತಂದು ಹಾಕಿದ ಆ್ಯಪ್‌ಗೆ ಎರಡನೆಯದು ಸುಲಭವಾಗಿ ಸಿಗದಂತೆ ಆಂಡ್ರಾಯ್ಡ್ 13ರಿಂದ ತಡೆಯಿದೆ. ಇಂಥ ಅನುಮತಿ ಕೇಳುವ ಆ್ಯಪ್‌ಗಳ ಸ್ಥಾಪನೆಯನ್ನೇ ನಿಲ್ಲಿಸುವ ಪ್ರಯೋಗವನ್ನು ಗೂಗಲ್ 2024ರ ಅಕ್ಟೋಬರ್‌ನಲ್ಲಿ ಭಾರತಕ್ಕೆಂದು ಘೋಷಿಸಿತು. ಪ್ಲೇ ಪ್ರೊಟೆಕ್ಟ್ ಎಂಬ ಗೂಗಲ್‌ನ ಈ ಕಾವಲನ್ನು ಆಫ್ ಮಾಡಲು ಯಾರಾದರೂ ಫೋನಿನಲ್ಲಿ ಹೇಳಿಕೊಟ್ಟರೆ ಆ ಕರೆಯನ್ನು ಅಲ್ಲೇ ಕಡಿಯಬೇಕು. ದುಡ್ಡು ಹೋಗಿಯೇ ಬಿಟ್ಟರೆ ನಾಚಿಕೆಪಟ್ಟು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ, ಸೈಬರ್ ಅಪರಾಧ ನೋಡುವ ಬಾಗಲಕೋಟೆಯ ಸಿಇಎನ್ ಠಾಣೆಗೆ ಹೋಗಬೇಕು. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ಗ್ರಾಹಕನ ಅಜಾಗರೂಕತೆಯಿಂದಾದ ನಷ್ಟದಲ್ಲೂ ಬ್ಯಾಂಕಿಗೆ ತಿಳಿಸಿದ ಮೇಲೆ ಹೋದ ಹಣ ಬ್ಯಾಂಕಿನ ಹೊಣೆ.

ಹೊಸ ಫೋನು ಮನೆಗೆ ಬಂದ ಸಂಜೆ ನಡೆಯುವುದನ್ನೂ ಗಮನಿಸಬೇಕು. ಹೊಸದು ಮಗನಿಗೆ, ಮಗನದು ಅಪ್ಪನಿಗೆ, ಅಪ್ಪನದು ಅವ್ವನಿಗೆ. ಬ್ಯಾಂಕ್ ಖಾತೆಗೆ ಕೊಟ್ಟ ನಂಬರು ಎಷ್ಟೋ ಮನೆಗಳಲ್ಲಿ ಅಪ್ಪನದೋ ಅವ್ವನದೋ ಆಗಿರುತ್ತದೆ. ಅಂದರೆ ಇಡೀ ಮನೆಯ ಒಟಿಪಿ ಬರುವುದು ಎಲ್ಲಕ್ಕಿಂತ ಹಳೆಯ ಫೋನಿಗೆ. ಅದರ ಸೆಟ್ಟಿಂಗ್ಸ್ ತೆರೆದು ‘ಅಬೌಟ್ ಫೋನ್’ ಒಳಗೆ ಹುಡುಕಿದರೆ ‘ಸೆಕ್ಯುರಿಟಿ ಅಪ್‌ಡೇಟ್’ ಅಥವಾ ‘ಸೆಕ್ಯುರಿಟಿ ಪ್ಯಾಚ್’ ಎಂಬ ಸಾಲಿನಲ್ಲಿ ಒಂದು ತಾರೀಖು ಸಿಗುತ್ತದೆ. ಅದು ಮೂರು ನಾಲ್ಕು ವರ್ಷದ ಹಿಂದಿನದಾಗಿದ್ದರೆ ಹೊಸ ಫೋನಿಗೆ ಮೊದಲು ಹಾಕಬೇಕಾದ್ದು ಮಗನ ಸಿಮ್ ಅಲ್ಲ, ಅವ್ವನ ಸಿಮ್.